ಎಲ್ಲರ್ಬಿಯಿಂದ ನಮ್ಮನ್ನು ಓಡಿಸಿದವರು

ಟಾಡ್‌ಮಾರ್ಡನ್
ಭಾನುವಾರ, 13 ಮಾರ್ಚ್ 2011

ಪ್ರೀತಿಯ ಬೆವ್,

ನಿನ್ನ ಹುಟ್ಟುಹಬ್ಬ ಕಳೆದು ಇಪ್ಪತ್ತನಾಲ್ಕು ದಿನವಾಯಿತು. ಬರುತ್ತೇನೆ ಎಂದವನು ಬರಲಿಲ್ಲ. ಪತ್ರ ಬರೆಯುತ್ತೇನೆ ಎಂದೆ, ಅದನ್ನೂ ಇಷ್ಟು ದಿನ ಎಳೆದೆ. ಸಿಟ್ಟು ಮಾಡಿಕೊಂಡಿದ್ದರೆ ಅದು ನ್ಯಾಯವೇ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಹರಿದು ಹಾಕಿದೆ. ಅಂಚೆಯವನಾಗಿ ಹದಿನೆಂಟು ವರ್ಷ ಊರಿನವರ ಕಾಗದಗಳನ್ನು ಹೆಗಲಿಗೆ ಹಾಕಿಕೊಂಡು ಬಾಗಿಲು ಬಾಗಿಲಿಗೆ ಮುಟ್ಟಿಸಿದವನು ನಾನು. ನನ್ನದೇ ಒಂದು ಕಾಗದ ಬರೆಯಲು ಇಷ್ಟು ತಿಣುಕುತ್ತೇನೆಂದು ತಿಳಿದಿರಲಿಲ್ಲ.

ಇಲ್ಲಿ ಎಲ್ಲ ಕ್ಷೇಮ. ಎಡಮಂಡಿ ಮಾತ್ರ ಚಳಿಗೆ ಹಟ ಮಾಡುತ್ತದೆ. ಮೆಟ್ಟಿಲಿಳಿಯುವಾಗ ಏಡಿಯ ಹಾಗೆ ಅಡ್ಡಡ್ಡ ಇಳಿಯುತ್ತೇನೆ. ಆಸ್ಪತ್ರೆಯ ಡಾಕ್ಟರ್ ಹುಡುಗಿ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಏನ್ ಕೆಲ್ಸ ಮಾಡ್ತಿದ್ರಿ ನೀವು?" ಎಂದಳು. ಫುಟ್‌ಬಾಲ್ ಆಡುತ್ತಿದ್ದೆ ಎಂದೆ. ಯಾವ ಕ್ಲಬ್ಬಿಗೆ ಎಂದಳು. ಒಂಬತ್ತರ ಹೆಸರನ್ನೂ ಹೇಳಿದೆ. ಅವಳು ಎರಡನ್ನು ಮಾತ್ರ ಕೇಳಿದ್ದಳು. "ಒಂದ್ ಕಡೆನೂ ನಿಲ್ಲಿಲ್ವಾ ಹಾಗಾದ್ರೆ?" ಎಂದು ನಕ್ಕಳು. ನಾನೂ ನಕ್ಕೆ. ಹೊರಗೆ ಬಂದು ಬಸ್ಸಿಗೆ ಕಾಯುವಾಗ ನಿನ್ನ ನೆನಪಾಯಿತು. ನೀನು ಬ್ರಿಸ್ಟಲಿನ ಆ ಮನೆಗೆ ಹೋಗಿ ಹತ್ತೊಂಬತ್ತು ವರ್ಷವಾಯಿತಲ್ಲ. ಎದುರಿಗೇ ದೊಡ್ಡ ಮನೆ ಮಾರಾಟಕ್ಕೆ ಬಂದಾಗಲೂ ನೀನು ಕದಲಲಿಲ್ಲ. "ನಾನು ಇನ್ನೊಂದು ಪೆಟ್ಟಿಗೆ ಕಟ್ಟಲ್ಲ" ಎಂದೆಯಂತೆ. ಅಳಿಯ ಅದನ್ನು ತಮಾಷೆಯಾಗಿ ನನಗೆ ಹೇಳಿದ.

ಈಗ ಮಾತಿಗೆ ಬರುತ್ತೇನೆ. ಹುಟ್ಟುಹಬ್ಬದ ಮಾರನೆಯ ದಿನ ನೀನು ಫೋನ್ ಮಾಡಿ, ಎಲ್ಲಿ ಹೋಗಿದ್ದೆ ಎಂದು ಕೇಳಿದೆ. ಎಲ್ಲರ್ಬಿಗೆ ಹೋಗಿದ್ದೆ, ಹೆರಾಲ್ಡ್ ಪಿಕರಿಂಗ್ ತೀರಿಕೊಂಡರು, ಅವರನ್ನು ಮಣ್ಣು ಮಾಡುವಾಗ ಇರಬೇಕಿತ್ತು ಎಂದೆ. ನೀನು "ಯಾಕಪ್ಪಾ, ಸತ್ತಿದ್ದು ಖಾತ್ರಿ ಮಾಡ್ಕೊಳ್ಳೋಕಾ?" ಎಂದೆ. ನಾನು ನಗಲಿಲ್ಲ. ಆಗ ನೀನು ದನಿ ಬದಲಿಸಿ, "ನಮ್ಮನ್ನ ಬೀದಿಗೆ ಹಾಕಿದೋರಿಗೋಸ್ಕರ ನನ್ನ ಹುಟ್ಟಿದಹಬ್ಬ ಬಿಟ್ಟು ಹೋದ್ಯಾ?" ಎಂದು ಕೇಳಿದೆ. ಬರೆಯುತ್ತೇನೆ ಎಂದು ಫೋನ್ ಇಟ್ಟೆ.

ನಿನ್ನದೇನೂ ತಪ್ಪಿಲ್ಲ. ನಮ್ಮ ಮನೆಯಲ್ಲಿ ಪಿಕರಿಂಗ್ ಎನ್ನುವುದು ಮನುಷ್ಯನ ಹೆಸರಾಗಿ ಉಳಿದಿರಲಿಲ್ಲ. ಯಾರು ಮಾತಿಗೆ ತಪ್ಪಿದರೂ "ಪಿಕರಿಂಗ್ ಮಾಡಿದ" ಎನ್ನುತ್ತಿದ್ದೆವು. ರಾಚ್‌ಡೇಲಿನ ಮನೆಯಲ್ಲಿದ್ದ, ಮುಟ್ಟಿದವರನ್ನೆಲ್ಲ ಪರಚುವ ಬೆಕ್ಕಿಗೆ ನಿನ್ನಮ್ಮ ಆ ಹೆಸರಿಟ್ಟಳು. ನಾನು ಆ ಬೆಕ್ಕನ್ನು ಹೆಸರು ಹಿಡಿದು ಕರೆದದ್ದನ್ನು ನೀನು ಕೇಳಿರಲಾರೆ.

ನಿನ್ನ ಹುಟ್ಟುಹಬ್ಬದ ದಿನ, ಗುರುವಾರ, ಬೆಳಗಿನ ರೈಲಿಗೆ ಹೋದೆ. ಎಲ್ಲರ್ಬಿ ನಿಲ್ದಾಣದಲ್ಲಿ ಇಳಿದರೆ ಈಗಲೂ ಮೊದಲು ಮೂಗಿಗೆ ಬರುವುದು ಮೀನು, ಆಮೇಲೆ ಕಣ್ಣಿಗೆ ಬೀಳುವುದು ಸಮುದ್ರ. ಮೈದಾನದ ಜಾಗದಲ್ಲಿ ಈಗ ಸೋಫಾ ಮಾರುವ ಅಂಗಡಿ ಇದೆ. ನಾವಿದ್ದ ಮನೆ ಇದೆ. ನಿನ್ನಮ್ಮ ಅವರೆ ಬಳ್ಳಿ ಹಬ್ಬಿಸಿದ್ದ ಹಿತ್ತಲಿಗೆ ಯಾರೋ ಕಲ್ಲು ಹಾಸಿ ಕಾರು ನಿಲ್ಲಿಸಿದ್ದಾರೆ. ನಾನು ಗೇಟಿನ ಹತ್ತಿರ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಚರ್ಚು ತುಂಬಿತ್ತು. ಅರ್ಧಕ್ಕರ್ಧ ನಮ್ಮಂಥ ಹಳೆಯ ಆಟಗಾರರು. ಮಂಡಿ ನೆಟ್ಟಗಿದ್ದವನು ಒಬ್ಬನೂ ಇರಲಿಲ್ಲ. ಹಾಡಿಗೆ ಏಳಿ ಎಂದಾಗ ಇಡೀ ಚರ್ಚು ನರಳಿತು. ನಮ್ಮ ಗೋಲ್‌ಕೀಪರ್ ಟೆರಿ ಬೋವರ್ ನಿನಗೆ ನೆನಪಿರಬಹುದು, ನಿನ್ನನ್ನು ಒಂದೇ ಕೈಯಲ್ಲಿ ಎತ್ತಿ ಕ್ಲಬ್ಬಿನ ಬಾರ್ ಕಟ್ಟೆಯ ಮೇಲೆ ಕೂರಿಸುತ್ತಿದ್ದನಲ್ಲ. ಈಗ ಅವನ ಎರಡು ಕೈಯೂ ನಡುಗುತ್ತವೆ. ಬಾಗಿಲಲ್ಲೇ ನನ್ನನ್ನು ಹಿಡಿದ.

"ಏನೋ ಮ್ಯಾಲಿ, ನಿನ್ನ ಕತ್ತು ಹಿಡ್ದು ಹೊರಗ್ ಹಾಕ್ದೋರ್ಗೆ ಹೂ ತಂದಿದೀಯಾ?"

"ತಂದಿದೀನಿ."

"ದೊಡ್ ಮನಸು ಕಣಯ್ಯ ನಿಂದು" ಎಂದು ಬೆನ್ನು ತಟ್ಟಿದ. ಸುತ್ತ ನಿಂತಿದ್ದ ಇಬ್ಬರು ಮೂವರು ಹೌದೆಂದು ತಲೆಯಾಡಿಸಿದರು. ನಾನು ಒಳಗೆ ಹೋಗಿ ಕಂಬದ ಹಿಂದೆ ಕೂತೆ.

ಬೆವ್, ನನ್ನ ಆಟದ ಬಗ್ಗೆ ನಿನಗೆ ನಾನು ಯಾವತ್ತೂ ಸರಿಯಾಗಿ ಹೇಳಿಲ್ಲ. ನೀನೂ ಕೇಳಲಿಲ್ಲ, ಆಟ ಎಂದರೆ ನಿನಗೆ ಲಾರಿ, ಪೆಟ್ಟಿಗೆ, ಹೊಸ ಶಾಲೆ. ಹದಿನೆಂಟು ವರ್ಷ ಲೆಫ್ಟ್ ಬ್ಯಾಕ್ ಆಗಿ, ಎಂದರೆ ನಮ್ಮ ಗೋಲಿನ ಎಡಗಡೆ ಕಾಯುವವನಾಗಿ ಆಡಿದೆ. ಐನೂರಕ್ಕೆ ಎರಡು ಕಡಿಮೆ ಪಂದ್ಯ. ಹೊಡೆದದ್ದು ಹನ್ನೊಂದು ಗೋಲು. ನಮ್ಮದೇ ಗೋಲಿಗೆ ಹೊಡೆದುಕೊಂಡದ್ದು ಆರು. ಪತ್ರಿಕೆಯವರು ನನ್ನ ಬಗ್ಗೆ ಬರೆದರೆ ಒಂದೇ ಮಾತು ಬರೆಯುತ್ತಿದ್ದರು: ನಂಬಬಹುದಾದ ಆಟಗಾರ. ಆ ಮಾತನ್ನು ಎಲ್ಲರೂ ಹೊಗಳಿಕೆ ಎಂದುಕೊಳ್ಳುತ್ತಾರೆ. ಇವನಿಂದ ಹೊಸದೇನೂ ಬರುವುದಿಲ್ಲ ಎಂಬುದೇ ಅದರ ಅರ್ಥ. ನನ್ನಂಥವರು ಆಗ ನೂರಾರು ಮಂದಿ ಇದ್ದರು. ಒಂದು ಕ್ಲಬ್ಬಿನಲ್ಲಿ ಎಡಗಡೆಯವನ ಕಾಲು ಮುರಿದರೆ ನಮಗೆ ಫೋನು, ಅವನ ಕಾಲು ಕೂಡಿಕೊಂಡರೆ ನಮಗೆ ಲಾರಿ. ಮ್ಯಾನ್ಸ್‌ಫೀಲ್ಡ್, ಎಕ್ಸಿಟರ್, ಡಾರ್ಲಿಂಗ್ಟನ್. ಹೀಗೆ ಅಲೆದು ಅಲೆದು ಇಪ್ಪತ್ತಾರನೆಯ ವಯಸ್ಸಿಗೆ, ನಾಲ್ಕನೆಯ ಡಿವಿಷನ್ನಿನ ತಳದಲ್ಲಿದ್ದ ಎಲ್ಲರ್ಬಿಗೆ ಬಂದು ಬಿದ್ದೆ. ಅಲ್ಲಿ ಮೂರು ವರ್ಷ ಇದ್ದೆವು. ಅಷ್ಟು ದಿನ ನಾವು ಎಲ್ಲೂ ಇದ್ದದ್ದಿಲ್ಲ.

ಪಿಕರಿಂಗ್ ಅಲ್ಲಿ ಮ್ಯಾನೇಜರ್. ಬೆಳಿಗ್ಗೆ ತಾವೇ ಮೈದಾನಕ್ಕೆ ಗೆರೆ ಹಾಕುತ್ತಿದ್ದರು, ಮಧ್ಯಾಹ್ನ ನಮ್ಮನ್ನು ಬೈಯುತ್ತಿದ್ದರು. ಅವರ ಬಗ್ಗೆ ಒಂದು ಸಂಗತಿ ಹೇಳುತ್ತೇನೆ. 1977ರ ಜನವರಿಯಲ್ಲಿ ಕಪ್ ಪಂದ್ಯಕ್ಕೆ ಒಂದು ದೊಡ್ಡ ಕ್ಲಬ್ಬು ನಮ್ಮೂರಿಗೆ ಬಂತು. ಊರಿಗೆ ಊರೇ ಬಂದು ನಿಂತಿತ್ತು. ಎಂಬತ್ತೆಂಟನೆಯ ನಿಮಿಷದವರೆಗೂ ಅವರನ್ನು ತಡೆದೆವು. ಆಮೇಲೆ ಒಂದು ಸಾಧಾರಣ ಚೆಂಡು ಬಂತು. ಹೊರಗೆ ಒದೆಯಲು ಹೋಗಿ ಟೆರಿಯ ಕೈತಪ್ಪಿಸಿ ನಮ್ಮದೇ ಗೋಲಿನೊಳಗೆ ಹಾಕಿದೆ. ಮೈದಾನದಿಂದ ಒಳಗೆ ಹೋಗುವಾಗ ಜನ ನನ್ನ ಮೇಲೆ ಉಗುಳಿದರು. ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಕೂತೆ. ಪಿಕರಿಂಗ್ ಬಂದರು. ಇವತ್ತು ಸತ್ತೆ ಎಂದುಕೊಂಡು ತಲೆ ಬಗ್ಗಿಸಿದೆ. ಅವರು ಮೂಲೆಯಲ್ಲಿದ್ದ ದೊಡ್ಡ ಪಾತ್ರೆಯಿಂದ ಒಂದು ಲೋಟ ಟೀ ಬಗ್ಗಿಸಿಕೊಂಡು ನನ್ನ ಮುಂದೆ ಹಿಡಿದು, "ಸಕ್ಕರೆ ಎಷ್ಟಯ್ಯಾ?" ಎಂದರು.

"ಎರಡು ಚಮಚ, ಬಾಸ್."

"ಸರಿ. ಸೋಮವಾರ ಹತ್ತಕ್ಕೆ ಬಂದ್ಬಿಡು."

ಅಷ್ಟೇ. ಆ ಗೋಲಿನ ಮಾತನ್ನು ಮತ್ತೆ ಯಾವತ್ತೂ ಎತ್ತಲಿಲ್ಲ. ನನಗೆ ಸಿಕ್ಕ ಒಂಬತ್ತು ಕ್ಲಬ್ಬುಗಳ ಹನ್ನೆರಡು ಮ್ಯಾನೇಜರುಗಳಲ್ಲಿ ಬೇರೆ ಯಾರೂ ಹಾಗೆ ಮಾಡುತ್ತಿರಲಿಲ್ಲ.

ನಿನ್ನಮ್ಮನಿಗೂ ಎಲ್ಲರ್ಬಿ ಒಗ್ಗಿತ್ತು. ನರ್ಸ್ ತರಬೇತಿಗೆ ಸೇರಿದ್ದು ಅಲ್ಲೇ. ನೀಲಿ ಉಡುಪು ಹಾಕಿಕೊಂಡು ಸೈಕಲ್ಲಿನಲ್ಲಿ ಆಸ್ಪತ್ರೆಗೆ ಹೋಗುತ್ತಿದ್ದಳು. ನಿನ್ನ ಗೊಂಬೆಯ ಕೈಕಾಲಿಗೆ ಪಟ್ಟಿ ಕಟ್ಟಿ ಅಭ್ಯಾಸ ಮಾಡುತ್ತಿದ್ದಳು. ಮೂಳೆಗಳ ಹೆಸರನ್ನು ನನ್ನ ಕಾಲಿನ ಮೇಲೆಯೇ ಬೆರಳಿಟ್ಟು ಬಾಯಿಪಾಠ ಮಾಡಿದಳು. ಮೂರು ವರ್ಷದ ತರಬೇತಿ. 1978ರ ಬೇಸಿಗೆಯಲ್ಲಿ ನಾವು ಲಾರಿ ಹತ್ತುವಾಗ ಹನ್ನೊಂದು ತಿಂಗಳು ಬಾಕಿ ಇತ್ತು.

ಆ ಲಾರಿಯ ಕಥೆ ನಿನಗೆ ಗೊತ್ತಿರುವುದೇ. ಮೇ ತಿಂಗಳಲ್ಲಿ ಕ್ಲಬ್ಬು ಯಾರನ್ನು ಉಳಿಸಿಕೊಳ್ಳುತ್ತದೆ, ಯಾರನ್ನು ಬಿಡುತ್ತದೆ ಎಂಬ ಪಟ್ಟಿ ಹೊರಗೆ ಬಂತು. ಬಿಟ್ಟವರ ಸಾಲಿನಲ್ಲಿ ನನ್ನ ಹೆಸರಿತ್ತು. ಊರಿನ ಪತ್ರಿಕೆ, ಪಿಕರಿಂಗ್ ಅವರಿಗೆ ತಲೆ ಕೆಟ್ಟಿದೆಯೇ ಎಂದು ಬರೆಯಿತು. ಎರಡು ವಾರದ ಮೇಲೆ ಮಿಡ್‌ಲ್ಯಾಂಡ್ಸಿನ ದೊಡ್ಡ ಕ್ಲಬ್ಬಿನವರು ಕರೆದಾಗ, ದೇವರು ಒಂದು ಬಾಗಿಲು ತೆರೆದ ಎಂದುಕೊಂಡೆವು. ಎರಡನೆಯ ಡಿವಿಷನ್ನು. ನಾನು ಅಷ್ಟು ಎತ್ತರ ಯಾವತ್ತೂ ಆಡಿರಲಿಲ್ಲ.

ಅಲ್ಲಿ ಆಡಿದ್ದು ನಾಲ್ಕು ಪಂದ್ಯ. ಐದನೆಯದಕ್ಕೆ ಮುಂಚೆ ತೊಡೆಯ ಸ್ನಾಯು ಹರಿಯಿತು. ಕರೆಸಿಕೊಂಡಿದ್ದ ಮ್ಯಾನೇಜರನ್ನು ನವೆಂಬರಿನಲ್ಲಿ ಮನೆಗೆ ಕಳಿಸಿದರು. ಹೊಸದಾಗಿ ಬಂದವರಿಗೆ ನನ್ನ ಹೆಸರೇ ತಿಳಿಯಲಿಲ್ಲ. ಟ್ರಾಂಟರ್ ಅನ್ನುವುದನ್ನು ಎರಡು ವರ್ಷವೂ ಟ್ರಾಂಟನ್ ಎಂದು ಕರೆದರು. ಮೀಸಲು ತಂಡದಲ್ಲಿ ಖಾಲಿ ಬೆಂಚುಗಳ ಮುಂದೆ ಓಡಿದೆ. ನಾವು ಆರನೆಯ ಮಹಡಿಯಲ್ಲಿದ್ದೆವು, ಲಿಫ್ಟು ಕೆಟ್ಟಿರುತ್ತಿತ್ತು. ಅಮ್ಮ ಅಲ್ಲಿಯ ಆಸ್ಪತ್ರೆಗೆ ಹೋಗಿ ಕೇಳಿದಳು. ಮೊದಲಿನಿಂದ ಶುರುಮಾಡಬೇಕು ಎಂದರಂತೆ. "ನೀನು ಆಟದಲ್ಲಿ ನೆಲೆ ನಿಲ್ಲು, ಆಮೇಲ್ ನೋಡೋಣ" ಎಂದು ಬಿಸ್ಕತ್ತು ಕಾರ್ಖಾನೆಗೆ ಸೇರಿದಳು. ಆಮೇಲೆ ರಾಚ್‌ಡೇಲ್, ಹ್ಯಾಲಿಫ್ಯಾಕ್ಸ್, ಇನ್ನೂ ಎರಡು ಊರು. ಆ "ಆಮೇಲೆ" ಬರಲೇ ಇಲ್ಲ.

2005ರಲ್ಲಿ, ಅವಳ ಕೊನೆಯ ವಾರ, ನೀನು ಕೆಳಗೆ ಟೀ ತರಲು ಹೋಗಿದ್ದಾಗ ನಡೆದದ್ದನ್ನು ನಿನಗೆ ಹೇಳಿಲ್ಲ. ಒಬ್ಬ ಎಳೆಯ ನರ್ಸು ಸೂಜಿ ಚುಚ್ಚಲು ಬಂದಿದ್ದಳು. ನರ ಸಿಗದೆ ಮೂರು ಸಲ ಚುಚ್ಚಿದಳು, ಅಳು ಬಂದಂತಾಯಿತು. ಅಮ್ಮ ಕಣ್ಣು ಬಿಟ್ಟು, "ಗಾಬರಿಯಾಗ್ಬೇಡಮ್ಮ. ಮುಂಗೈ ಹತ್ರ ಸ್ವಲ್ಪ ಒಳಗಡೆ ನೋಡು, ಸಿಗುತ್ತೆ" ಎಂದಳು. ಸಿಕ್ಕಿತು. ಹುಡುಗಿಗೆ ಆಶ್ಚರ್ಯ.

"ನೀವು ನರ್ಸ್ ಆಗಿದ್ರಾ?"

"ಆಗೋದ್ರಲ್ಲಿದ್ದೆ" ಎಂದಳು ನಿನ್ನಮ್ಮ.

ನಾನು ಕಿಟಕಿಯ ಹತ್ತಿರ ನಿಂತಿದ್ದೆ. ತಿರುಗಲಿಲ್ಲ.

ಎಲ್ಲರ್ಬಿಯಲ್ಲಿ ಅವತ್ತು ಮಣ್ಣಾದ ಮೇಲೆ ಎಲ್ಲರಿಗೂ ಮೀನುಗಾರರ ಕ್ಲಬ್ಬಿನಲ್ಲಿ ಟೀ, ಹಂದಿಮಾಂಸದ ಸ್ಯಾಂಡ್‌ವಿಚ್ಚು ಇಟ್ಟಿದ್ದರು. ಪಿಕರಿಂಗ್ ಅವರ ಹೆಂಡತಿ ಎನಿಡ್ ಒಬ್ಬೊಬ್ಬರ ಹತ್ತಿರವೂ ಹೋಗಿ ಕೈ ಹಿಡಿಯುತ್ತಿದ್ದರು. ಎಪ್ಪತ್ತೊಂಬತ್ತು ವಯಸ್ಸು, ಬೆನ್ನು ನೆಟ್ಟಗಿದೆ. ನನ್ನ ಹತ್ತಿರ ಬಂದು, "ಮ್ಯಾಲ್ಕಮ್, ನೀನ್ ಬರ್ತೀಯ ಅಂತ ಗೊತ್ತಿತ್ತು" ಎಂದರು. ನಿನ್ನ ಕ್ಷೇಮ ಕೇಳಿದರು. ಅಮ್ಮ ಹೋದದ್ದು ಅವರಿಗೆ ತಿಳಿದಿರಲಿಲ್ಲ. ಹೇಳಿದಾಗ ಬಾಯಿಗೆ ಕೈ ಇಟ್ಟುಕೊಂಡು, "ಅಯ್ಯೋ, ಆ ಸೈಕಲ್ ಹುಡುಗಿ" ಎಂದರು. ಪಿಕರಿಂಗ್ ಕೊನೆಯ ವರ್ಷ ಯಾರನ್ನೂ ಗುರುತಿಸುತ್ತಿರಲಿಲ್ಲವಂತೆ, ಆದರೆ ಹಳೆಯ ತಂಡಗಳನ್ನು ಗೋಲ್‌ಕೀಪರ್‌ನಿಂದ ಹಿಡಿದು ಒಬ್ಬೊಬ್ಬರನ್ನೂ ಒಪ್ಪಿಸುತ್ತಿದ್ದರಂತೆ. "ನಿನ್ನ ಹೆಸರು ಎಡಗಡೆ ಬರ್ತಿತ್ತು" ಎಂದರು ಎನಿಡ್.

ಇದೇ ನಾನು ಎಲ್ಲರ್ಬಿಗೆ ಹೋಗಿ ಬಂದ ಕಥೆ. ಅವರು ಕೆಟ್ಟವರಲ್ಲ, ಬೆವ್. ಅದನ್ನು ನಿನಗೆ ತಿಳಿಸಬೇಕಿತ್ತು. ಮುಖಾಮುಖಿ ಹೇಳಲು ನನಗೆ ಬರುವುದಿಲ್ಲ, ನಿನಗೆ ಗೊತ್ತಲ್ಲ.

ಈಸ್ಟರಿಗೆ ನಿಮ್ಮಲ್ಲಿಗೆ ಬರಲು ಮನಸ್ಸಿದೆ. ಹಿತ್ತಲಲ್ಲಿ ಈರುಳ್ಳಿ ಸೊಪ್ಪು ಚೆನ್ನಾಗಿ ಬಂದಿದೆ, ತರುತ್ತೇನೆ. ಅಳಿಯನಿಗೆ ನನ್ನ ನೆನಪು ಹೇಳು. ತಣ್ಣನೆ ಗಾಳಿಗೆ ಕೊರಳು ಮುಚ್ಚಿಕೊಂಡು ಓಡಾಡು. ನೀನಿರುವ ಮನೆ ಬೆಚ್ಚಗಿರಲಿ, ಅಲ್ಲೇ ನಿನ್ನ ಕೂದಲು ಹಣ್ಣಾಗಲಿ, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ
ಅಪ್ಪ

ಮರೆತ ಮಾತು: ಮರೆತದ್ದಲ್ಲ. ಸಹಿ ಹಾಕಿ, ಲಕೋಟೆ ಅಂಟಿಸಿ, ಕೋಟು ಹಾಕಿಕೊಂಡು ಬಾಗಿಲವರೆಗೂ ಹೋಗಿ ವಾಪಸು ಬಂದೆ. ಮೇಲೆ ಬರೆದದ್ದರಲ್ಲಿ ಒಂದು ಕಡೆ ಸುಳ್ಳಿದೆ. ಅದೇ ಸುಳ್ಳನ್ನು ಮೂವತ್ತಮೂರು ವರ್ಷದಿಂದ ಹೇಳಿ ಹೇಳಿ ಅದು ತಾನಾಗಿಯೇ ಕೈಗೆ ಬಂದುಬಿಟ್ಟಿತು.

ಪಿಕರಿಂಗ್ ನನ್ನನ್ನು ಬಿಡಲಿಲ್ಲ. ಆ ಮೇ ತಿಂಗಳಲ್ಲಿ ನನ್ನನ್ನು ಕೋಣೆಗೆ ಕರೆದು, "ಇನ್ನ್ ಮೂರ್ ವರ್ಷಕ್ಕೆ ಸಹಿ ಹಾಕು. ಆಟ ನಿಲ್ಲಿಸಿದ್ ಮೇಲೆ ಇಲ್ಲೇ ಕೋಚ್ ಆಗಿರು. ಪಾಲೀನ್ ಓದು ಮುಗಿಸ್ಲಿ" ಎಂದರು. ನಿನ್ನಮ್ಮನ ಓದಿನ ಮಾತು ಅವರು ತೆಗೆದರು, ನಾನಲ್ಲ. ದೊಡ್ಡ ಕ್ಲಬ್ಬಿನ ಫೋನು ನನಗೆ ಅದಕ್ಕೂ ಮುಂಚೆಯೇ ಬಂದಿತ್ತು. ಹೇಳಿದೆ. ಅವರು "ಹೋಗು. ನಿನ್ ವಯಸ್ಸಲ್ಲಿ ನನ್ನ ಕರ್ದಿದ್ರೆ ನಾನೂ ಹೋಗ್ತಿದ್ದೆ. ಮನೇಲ್ ಹೇಳಿದ್ಯಾ?" ಎಂದರು.

ಹೇಳಿರಲಿಲ್ಲ. ನಿನ್ನಮ್ಮ ಬೇಡ ಎಂದಿದ್ದರೆ ಅವಳ ಮೇಲೆ ಸಿಟ್ಟು ಉಳಿಯುತ್ತಿತ್ತು. ಹೋಗೋಣ ಎಂದಿದ್ದರೆ ಆ ಭಾರ ಜೀವಮಾನವಿಡೀ ನನ್ನ ಮೇಲಿರುತ್ತಿತ್ತು. ಎರಡೂ ಬೇಡವಾಗಿತ್ತು. ನೀವೇ ನನ್ನನ್ನು ಬಿಟ್ಟಿರಿ ಅಂತ ಹೇಳಿಬಿಡಿ ಬಾಸ್ ಎಂದು ಕೇಳಿಕೊಂಡೆ.

"ನಿನ್ ಹೆಂಡ್ತಿ ಮುಂದೆ ನನ್ನ ಕಳ್ಳನ್ ಮಾಡ್ತಿದೀಯ, ಮ್ಯಾಲಿ" ಎಂದರು. ಆಮೇಲೆ, "ಆಯ್ತು. ಆದ್ರೆ ಒಂದಿನ ನೀನೇ ಅವ್ಳಿಗ್ ಹೇಳ್ಬೇಕು."

ಹೇಳುತ್ತೇನೆ ಎಂದೆ. ಮನೆಗೆ ಬಂದು ಅಡುಗೆಮನೆಯಲ್ಲಿ ಕೂತು ನನ್ನನ್ನು ಬಿಟ್ಟರು ಎಂದೆ. ನಿನ್ನಮ್ಮ ಒದ್ದೆ ಕೈಯಲ್ಲೇ ನನ್ನ ತಲೆಯನ್ನು ಎದೆಗೊತ್ತಿಕೊಂಡು, "ನಾನಿದೀನಲ್ಲ, ಎಲ್ಲಿಗಾದ್ರೂ ಹೋಗೋಣ" ಎಂದಳು. ಅವಳು ಹಾಗೆ ಸಮಾಧಾನ ಮಾಡುತ್ತಿರುವಾಗ ನಾನು ಅತ್ತೆ, ಬೆವ್. ನಿಜವಾಗಿಯೇ ಅತ್ತೆ. ಆ ಮೇಲೆ ಇಪ್ಪತ್ತೇಳು ವರ್ಷ ಅವಳು ಬದುಕಿದ್ದಳು. ಒಂದು ದಿನವೂ ಹೇಳಲಿಲ್ಲ.

ಎನಿಡ್‌ಗೆ ಎಲ್ಲ ಗೊತ್ತಿತ್ತು. ನಾನು ಹೊರಡುವಾಗ ಕೈಚೀಲದಿಂದ ಒಂದು ಹಾಳೆ ತೆಗೆದು ಕೊಟ್ಟರು. ಅದನ್ನು ಇದರ ಜೊತೆಗಿಟ್ಟಿದ್ದೇನೆ. ನೀನು ಒಂಬತ್ತನೆಯ ವಯಸ್ಸಿನಲ್ಲಿ, ನಮಗೆ ಯಾರಿಗೂ ತಿಳಿಯದ ಹಾಗೆ, ಪಿಕರಿಂಗ್ ಅವರಿಗೆ ಬರೆದದ್ದು. ನಿನಗೆ ಮರೆತಿರಬಹುದು. "ನಮ್ಮಪ್ಪ ನಿಮಗೋಸ್ಕರ ಎರಡು ಸಲ ಮೂಗು ಮುರಿದುಕೊಂಡಿದ್ದಾರೆ. ನಮ್ಮಮ್ಮ ಪುಸ್ತಕಗಳನ್ನು ಪೆಟ್ಟಿಗೆಗೆ ಹಾಕುವಾಗ ಅಳುತ್ತಾರೆ. ಮ್ಯಾಂಡಿಯಂಥ ಗೆಳತಿ ನನಗೆ ಇನ್ನು ಎಲ್ಲೂ ಸಿಗುವುದಿಲ್ಲ. ಇದೆಲ್ಲ ನಿಮ್ಮಿಂದ. ನಿಮಗೆ ನಾಚಿಕೆಯಾಗಬೇಕು" ಎಂದಿದೆ. ಬರೆದದ್ದೆಲ್ಲ ಸರಿ ಇದೆ. ಮೇಲಿರುವ ಹೆಸರು ಮಾತ್ರ ತಪ್ಪು.

ಪ್ರತಿ ಮೇ ತಿಂಗಳೂ ಪಟ್ಟಿ ಬರೆಯುವ ಮುಂಚೆ ಪಿಕರಿಂಗ್ ಅದನ್ನು ತೆಗೆದು ಓದುತ್ತಿದ್ದರಂತೆ. "'ಆ ಮಗೂಗೆ ಆಮೇಲೆ ಗೆಳತಿ ಯಾರಾದ್ರೂ ಸಿಕ್ಕಳೋ ಏನೋ' ಅನ್ನೋರು" ಎಂದು ಎನಿಡ್ ಹೇಳಿದರು. ಹೇಳಿ, ನನ್ನ ಮುಖ ನೋಡಿ, "ಸಿಕ್ಕಳಾ ಮ್ಯಾಲ್ಕಮ್?" ಎಂದು ಕೇಳಿದರು.

ನಿಂತು ಯೋಚಿಸಿದೆ. ಆ ಆರನೆಯ ಮಹಡಿ, ರಾಚ್‌ಡೇಲ್, ಹ್ಯಾಲಿಫ್ಯಾಕ್ಸ್. ಯಾವ ಮನೆಯ ಬಾಗಿಲಿಗೆ ಯಾವ ಹುಡುಗಿ ನಿನ್ನನ್ನು ಕರೆಯಲು ಬರುತ್ತಿದ್ದಳು, ಅವಳ ಹೆಸರೇನು, ನೆನಪಿಗೆ ಬರಲಿಲ್ಲ.

ಗೊತ್ತಿಲ್ಲ ಎಂದೆ.